ಹವಳದ ತೊಟ್ಟಿಗೆ ತಣ್ಣಗೆ, ಸದ್ದಿಲ್ಲದೆ ತಿರುಗುವ ಪಂಪು

ಹವಳದ ಅಕ್ವೇರಿಯಂ ಇರುವ ಮನೆಯಲ್ಲಿ ಫ್ರಿಜ್ಜಿನ ಮೋಟಾರಿಗೂ ನಡುನಡುವೆ ಬಿಡುವು ಸಿಗುತ್ತದೆ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿರುವ ರಿಟರ್ನ್ ಪಂಪು ಮಾತ್ರ ವರ್ಷದ 8,760 ಗಂಟೆಯೂ ತಿರುಗುತ್ತಲೇ ಇರಬೇಕು. ಮೇಲಿನ ತೊಟ್ಟಿಯಿಂದ ತುಳುಕಿ ಇಳಿಯುವ ಉಪ್ಪುನೀರು ಕಪಾಟಿನೊಳಗಿನ ಇನ್ನೊಂದು ತೊಟ್ಟಿಯಾದ ಸಂಪಿಗೆ ಬಂದು, ಅಲ್ಲಿ ಫಿಲ್ಟರ್, ನೊರೆಯೊಂದಿಗೆ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರುಗಳನ್ನು ಹಾದು ಮತ್ತೆ ಮೇಲೇರುವುದು ಈ ಒಂದು ಯಂತ್ರದ ಬಲದಿಂದಲೇ. ಅದನ್ನು ಕೊಳ್ಳುವಾಗ ಹೆಚ್ಚಿನವರು ಡಬ್ಬದ ಮೇಲೆ ಗಂಟೆಗೆ ಎಷ್ಟು ಲೀಟರ್ ಎಂದು ನೋಡಿ, ಇರಲಿ ಎಂದು ಒಂದು ಗಾತ್ರ ದೊಡ್ಡದನ್ನೇ ಆರಿಸುತ್ತಾರೆ. ಪಂಪಿನ ಬಿಸಿಯನ್ನೂ ಸದ್ದನ್ನೂ ಒಟ್ಟಿಗೆ ತಗ್ಗಿಸಬೇಕಾದರೆ ಮೊದಲು ಅದಕ್ಕೆ ಹೊರಿಸುವ ಕೆಲಸವನ್ನೇ ತಗ್ಗಿಸಬೇಕು. ಯಾವ ಕಂಪನಿ, ಯಾವ ಮಾದರಿ ಎಂಬುದು ಆಮೇಲಿನ ಪ್ರಶ್ನೆ.

ಬಿಸಿಯ ವಿಷಯದಲ್ಲಿ ಹವಳಕ್ಕೆ ಸಹನೆ ತೀರ ಕಡಿಮೆ. ಅದರ ಅಂಗಾಂಶದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ ಬೆಳಕಿನಿಂದ ತಯಾರಿಸುವ ಸಕ್ಕರೆಯೇ ದಿಬ್ಬ ಕಟ್ಟುವ ಹವಳಗಳ ಮುಖ್ಯ ಆಹಾರ. ತಾನಿರುವ ಕಡಲಿನ ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೂ ಸಾಕು, ಹವಳ ಆ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಬಿಳಿಚಿದ್ದು ಹೀಗೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರಬಲ್ಲ ಆಮ್ಲಜನಕವೂ ಇಳಿಯುತ್ತದೆ: 25 ಡಿಗ್ರಿಯ ಕಡಲ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು 6.2ರ ಆಸುಪಾಸಿಗೆ ಬರುತ್ತದೆ, ಅದೇ ಹೊತ್ತಿಗೆ ಜೀವಿಗಳ ಉಸಿರಾಟದ ಅಗತ್ಯ ಏರುತ್ತದೆ. ಮನೆಯ ತೊಟ್ಟಿಯನ್ನು ಸಾಮಾನ್ಯವಾಗಿ 25ರಿಂದ 26 ಡಿಗ್ರಿಯಲ್ಲಿ ಇಡುವುದರಿಂದ, ಏಪ್ರಿಲ್ ತಿಂಗಳಲ್ಲಿ ಎರಡು ಡಿಗ್ರಿಯ ಹೆಚ್ಚುವರಿ ಶಾಖವನ್ನು ಕಡೆಗಣಿಸಲಾಗದು. (ಮುರುಡೇಶ್ವರದ ಎದುರಿನ ನೇತ್ರಾಣಿಯೂ ಸೇರಿದಂತೆ ನಮ್ಮ ಕಡಲಿನ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ತೊಟ್ಟಿಗೆ ತರುವ ತುಂಡು ಕಾನೂನುಬದ್ಧವಾಗಿ ಸಾಕಣೆಯಲ್ಲಿ ಬೆಳೆದದ್ದೇ ಆಗಿರಬೇಕು ಎಂಬುದನ್ನು ಪಂಪಿನ ಲೆಕ್ಕಕ್ಕಿಂತ ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.)

ನೀರಿನಲ್ಲಿ ಮುಳುಗಿದ ಪಂಪು ಸೆಳೆಯುವ ಪ್ರತಿಯೊಂದು ವ್ಯಾಟ್ ವಿದ್ಯುತ್ತೂ ಕೊನೆಗೆ ಶಾಖವಾಗಿ ಆ ನೀರಿಗೇ ಸೇರುತ್ತದೆ. ತಾಮ್ರದ ಸುರುಳಿಯಲ್ಲಿ, ಬೇರಿಂಗಿನಲ್ಲಿ ಸೋರಿಹೋಗುವ ಶಕ್ತಿಯ ಮಾತು ಹಾಗಿರಲಿ, ನೀರನ್ನು ಮೇಲೆತ್ತಿದ ಉಪಯುಕ್ತ ಕೆಲಸವೂ ಆ ನೀರು ಮತ್ತೆ ಸಂಪಿಗೆ ಧುಮುಕಿ ಸುಳಿದಾಡುವಾಗ ಶಾಖವೇ ಆಗುತ್ತದೆ. 300 ಲೀಟರ್ ಕಡಲ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 12.3 ಲಕ್ಷ ಜೂಲ್ ಬೇಕು. 50 ವ್ಯಾಟಿನ ಪಂಪು ಒಂದು ದಿನಕ್ಕೆ ಸೇರಿಸುವುದು 43 ಲಕ್ಷ ಜೂಲ್. ಅಂದರೆ ಶಾಖ ಹೊರಗೆ ಹೋಗದಿದ್ದರೆ ದಿನಕ್ಕೆ ಮೂರೂವರೆ ಡಿಗ್ರಿ. ನಿಜದಲ್ಲಿ ಶಾಖ ಹೊರಗೆ ಹೋಗುತ್ತದೆ, ಮುಖ್ಯವಾಗಿ ನೀರು ಆವಿಯಾಗುವ ಮೂಲಕ: ದಿನಕ್ಕೆ ಒಂದು ಲೀಟರ್ ಆವಿಯಾದರೆ ಅದು ಸುಮಾರು 28 ವ್ಯಾಟನ್ನು ಹೊತ್ತೊಯ್ಯುತ್ತದೆ. ಬೆಂಗಳೂರಿನ ಮಾರ್ಚ್‌ನ ಒಣಗಾಳಿಯಲ್ಲಿ ತೊಟ್ಟಿಯ ಮೇಲೊಂದು ಚಿಕ್ಕ ಫ್ಯಾನ್ ಇಟ್ಟರೆ ಈ ಕೆಲಸ ಸಲೀಸಾಗಿ ನಡೆಯುತ್ತದೆ, ಮಂಗಳೂರಿನ ತೇವಭರಿತ ಗಾಳಿಯಲ್ಲಿ ಅದೇ ಫ್ಯಾನಿನಿಂದ ದೊರೆಯುವ ಲಾಭ ತೀರ ಅಲ್ಪ. ಆದ್ದರಿಂದ ಕರಾವಳಿಯ ಹವ್ಯಾಸಿಗೆ ಪಂಪಿನಲ್ಲಿ ಉಳಿಸಿದ 30 ವ್ಯಾಟ್ ಎಂದರೆ ನೀರು ತಂಪಾಗಿಸುವ ಚಿಲ್ಲರಿನ ಹೊರೆಯಲ್ಲಿಯೂ ಅಷ್ಟೇ ಉಳಿತಾಯ.

ಹಾಗಾದರೆ ರಿಟರ್ನ್ ಪಂಪಿನಿಂದ ಎಷ್ಟು ಕೆಲಸ ಬೇಕು? ಹವಳಕ್ಕೆ ಜೋರಾದ ನೀರಿನ ಚಲನೆ ಅಗತ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಚಲನೆಯನ್ನು ತೊಟ್ಟಿಯೊಳಗೇ ಅಂಟಿಸಿದ ವೇವ್‌ಮೇಕರುಗಳು ಬಹಳ ಅಗ್ಗವಾಗಿ ಕೊಡುತ್ತವೆ, ಏಕೆಂದರೆ ಅವು ನೀರನ್ನು ಎತ್ತುವುದಿಲ್ಲ, ತಳ್ಳುತ್ತವೆ ಅಷ್ಟೆ. ಬಾವಿಯಿಂದ ನೀರು ಸೇದುವುದಕ್ಕೂ ಹಂಡೆಯ ನೀರನ್ನು ಕೈಯಿಂದ ಕಲಕುವುದಕ್ಕೂ ಇರುವ ಶ್ರಮದ ಅಂತರವೇ ಇಲ್ಲಿಯದು. ಸಂಪಿನ ಮೂಲಕ ಹಾಯಬೇಕಾದ ನೀರು ಶೋಧನೆಗೆ ಮತ್ತು ಉಷ್ಣತೆ ಸಮನಾಗಿರುವುದಕ್ಕೆ ಸಾಕಾಗುವಷ್ಟಿದ್ದರೆ ಸಾಕು. ತೊಟ್ಟಿಯ ಗಾತ್ರದ ಮೂರರಿಂದ ಐದು ಪಟ್ಟು ಪ್ರತಿ ಗಂಟೆಗೆ ಎಂಬುದು ಅನುಭವಿಗಳು ಒಪ್ಪುವ ಅಳತೆ. ನಮ್ಮ 300 ಲೀಟರಿಗೆ ಅದು ಹೆಚ್ಚೆಂದರೆ ಗಂಟೆಗೆ 1,500 ಲೀಟರ್.

ಇನ್ನು ಎತ್ತರದ ಲೆಕ್ಕ. ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ನೀರಿನ ಮಟ್ಟಕ್ಕೆ 1.3 ಮೀಟರ್ ಇದೆ ಎಂದುಕೊಳ್ಳೋಣ. ಇದಕ್ಕೆ ಕೊಳವೆಯ ಘರ್ಷಣೆಯನ್ನು ಕೂಡಿಸಬೇಕು. ಎರಡು ಮೀಟರ್ ಕೊಳವೆ, ಮೂರು ಎಲ್ಬೋ (ಬಾಗು) ಇರುವ ಸಾಧಾರಣ ಜೋಡಣೆಯಲ್ಲಿ, ಒಳವ್ಯಾಸ 20 ಮಿಲಿಮೀಟರ್ ಇದ್ದರೆ 1,500 ಲೀಟರ್ ಹರಿವಿಗೆ ಘರ್ಷಣೆ ಇನ್ನೂ ಅರ್ಧ ಮೀಟರ್ ಎತ್ತಿದಷ್ಟು ಹೊರೆ ಹೊರಿಸುತ್ತದೆ. ಒಳವ್ಯಾಸ 25 ಮಿಲಿಮೀಟರ್ ಆದರೆ ಅದು 20 ಸೆಂಟಿಮೀಟರಿಗೆ ಇಳಿಯುತ್ತದೆ. ನೇರ ಕೊಳವೆಯ ಘರ್ಷಣೆ ವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿರುವುದೇ ಇದಕ್ಕೆ ಕಾರಣ. ಕೆಲವು ನೂರು ರೂಪಾಯಿಯ ದಪ್ಪ ಕೊಳವೆಗೆ ಇರುವ ಈ ಶಕ್ತಿಯನ್ನು ಹವ್ಯಾಸಿಗಳು ಗಮನಿಸುವುದೇ ಅಪರೂಪ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ದಪ್ಪ ಕೊಳವೆಯಲ್ಲಿ 1,500 ಲೀಟರ್ ಹರಿಸಲು ನೀರಿಗೆ ಸಿಗಬೇಕಾದ ನಿವ್ವಳ ಶಕ್ತಿ ಕೇವಲ 6 ವ್ಯಾಟಿನಷ್ಟು. ಅದೇ ಕೊಳವೆಯಲ್ಲಿ 3,000 ಲೀಟರ್ ಹರಿಸಹೊರಟರೆ ಘರ್ಷಣೆ ನಾಲ್ಕು ಪಟ್ಟಾಗಿ, ಬೇಕಾದ ಶಕ್ತಿ 18 ವ್ಯಾಟಿಗೆ ಏರುತ್ತದೆ. ಹರಿವು ಎರಡು ಪಟ್ಟು, ಕೆಲಸ ಸುಮಾರು ಮೂರು ಪಟ್ಟು, ಅದರೊಂದಿಗೆ ಬಿಸಿಯೂ.

ಡಬ್ಬದ ಮೇಲಿನ ಅಂಕಿಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಗರಿಷ್ಠ ಹರಿವು ಎಂದು ಬರೆದಿರುವುದು ಎತ್ತರವೇ ಇಲ್ಲದಾಗ ಸಿಗುವುದು. ಗರಿಷ್ಠ ಎತ್ತರ ಎಂದಿರುವುದು ಒಂದು ಹನಿಯೂ ಹರಿಯದೆ ನೀರು ನಿಂತುಬಿಡುವ ಮಟ್ಟ. ನಮಗೆ ಬೇಕಾದದ್ದು ಇವೆರಡರ ನಡುವಿನ ವಕ್ರರೇಖೆ, ಮತ್ತು ಅದರಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಎಷ್ಟು ಲೀಟರ್ ಎಂಬ ಒಂದು ಬಿಂದು. ಆ ರೇಖೆಯನ್ನೇ ಪ್ರಕಟಿಸದ ತಯಾರಕರ ಪಂಪನ್ನು ಕೊಳ್ಳದಿರುವುದು ಲೇಸು.

ಮೋಟಾರಿನ ಬಗೆಗೆ ಬರೋಣ. ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುವ ಸಾಮಾನ್ಯ ಎಸಿ ಪಂಪನ್ನು ಬಿಚ್ಚಿ ನೋಡಿದರೆ ಒಳಗೆ ಬೆರಳುದ್ದದ ಕಪ್ಪು ಅಯಸ್ಕಾಂತದ ಉರುಳೆ, ನಡುವೆ ಪಿಂಗಾಣಿಯಂಥ ಸೆರಾಮಿಕ್ ಕಡ್ಡಿ, ತುದಿಯಲ್ಲಿ ನೀರು ತಳ್ಳುವ ಪ್ಲಾಸ್ಟಿಕ್ಕಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಕಾಣುತ್ತವೆ. ತಾಮ್ರದ ಸುರುಳಿ ಎಪಾಕ್ಸಿಯಲ್ಲಿ ಹೂತಿರುತ್ತದೆ, ಉರುಳೆ ಮಾತ್ರ ನೀರಿನಲ್ಲೇ ತಿರುಗುತ್ತದೆ. ನಮ್ಮ 50 ಹರ್ಟ್ಝ್ ವಿದ್ಯುತ್ತಿನಲ್ಲಿ ಅದರ ವೇಗ ನಿಮಿಷಕ್ಕೆ 3,000 ಸುತ್ತು. ಒಂಟಿ ಫೇಸಿನ ಈ ಮೋಟಾರಿಗೆ ಹೊರಡುವ ದಿಕ್ಕು ತನ್ನಷ್ಟಕ್ಕೆ ತಿಳಿಯದು. ಅಲ್ಲಾಡಿ, ತಡವರಿಸಿ, ಎತ್ತ ಸಿಕ್ಕಿತೋ ಅತ್ತ ಹೊರಡುತ್ತದೆ. ಅದಕ್ಕಾಗಿಯೇ ಇಂತಹ ಬಹುಪಾಲು ಪಂಪುಗಳಲ್ಲಿ ಎರಡೂ ದಿಕ್ಕಿಗೆ ಒಗ್ಗುವ ನೇರ ರೆಕ್ಕೆಗಳನ್ನಿಡುತ್ತಾರೆ, ದಕ್ಷತೆ ಅಲ್ಲಿಯೇ ಸೋರುತ್ತದೆ. ಭಾರ ಬೀಳುವ ಮೊದಲು ಉರುಳೆ ಸ್ವಲ್ಪ ಹೊರಳಲಿ ಎಂದು ಅದಕ್ಕೂ ಇಂಪೆಲ್ಲರಿಗೂ ನಡುವೆ ಸಡಿಲ ಬಿಟ್ಟಿರುತ್ತಾರೆ. ಆ ಸಂದು ಸವೆದಾಗ ಹುಟ್ಟುವುದೇ ಹಳೆಯ ಪಂಪಿನ ಟಕಟಕ ಸದ್ದು. ಕಾಂತಕ್ಷೇತ್ರ ಪ್ರತಿ ಆವರ್ತಕ್ಕೆ ಎರಡು ಬಾರಿ ಎಳೆಯುವುದರಿಂದ 100 ಹರ್ಟ್ಝ್‌ನ ಗುಂಯ್ ಎಂಬ ನಾದ ಅದರ ಹುಟ್ಟುಗುಣ.

ಡಿಸಿ ಪಂಪು ಎಂದು ಮಾರುವ ಬಗೆಯಲ್ಲಿ, ಹೊರಗಿರುವ ಕಂಟ್ರೋಲರ್ 24 ವೋಲ್ಟಿನಂಥ ಕಡಿಮೆ ವೋಲ್ಟೇಜಿನಿಂದ ಮೂರು ಫೇಸುಗಳನ್ನು ರೂಪಿಸಿ ಉರುಳೆಯನ್ನು ನಿಶ್ಚಿತ ದಿಕ್ಕಿನಲ್ಲಿ ಹೊರಡಿಸುತ್ತದೆ. ದಿಕ್ಕು ಖಚಿತವಾದ್ದರಿಂದ ರೆಕ್ಕೆಗಳನ್ನು ಹಿಂಬಾಗಿಸಿ, ಸುತ್ತಲಿನ ಕವಚವನ್ನು ಅದಕ್ಕೆ ಹೊಂದಿಸಿ, ಅದೇ ಹರಿವನ್ನು ಕಡಿಮೆ ವ್ಯಾಟಿನಲ್ಲಿ ಪಡೆಯಬಹುದು. ಅಡಾಪ್ಟರು ಮತ್ತು ಕಂಟ್ರೋಲರಿನ ನಷ್ಟದ ಶಾಖ ನೀರಿಗೆ ಹೋಗದೆ ಗಾಳಿಗೆ ಹೋಗುವುದು ಇನ್ನೊಂದು ಲಾಭ. ಇವುಗಳಲ್ಲಿಯೂ ವಿದ್ಯುತ್ತು ನಯವಾಗಿ ಏರಿಳಿಯುವ ಸೈನ್ ಅಲೆಯಿಂದ ನಡೆಸುವವು, ಅದು ಥಟ್ಟನೆ ಬದಲಾಗುವ ಚೌಕ ಅಲೆಯವಕ್ಕಿಂತ ನುಣುಪಾಗಿ ತಿರುಗುತ್ತವೆ, ಏಕೆಂದರೆ ತಿರುಗುಬಲದ ಏರಿಳಿತ ಕಡಿಮೆ. ಆದರೆ ಎಲೆಕ್ಟ್ರಾನಿಕ್ಸ್ ಸೇರಿದಲ್ಲಿ ಕೆಡುವ ಭಾಗವೂ ಒಂದು ಹೆಚ್ಚು. ಬಿಡಿ ಕಂಟ್ರೋಲರ್ ಭಾರತದಲ್ಲಿ ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು, ಇಲ್ಲವೇ ಒಂದು ಸಾದಾ ಎಸಿ ಪಂಪನ್ನು ಆಪತ್ತಿಗೆಂದು ಇಟ್ಟುಕೊಳ್ಳಬೇಕು.

ವೇಗ ಬದಲಿಸುವ ಸೌಕರ್ಯದ ಹಿಂದೆ ಒಂದು ಸೊಗಸಾದ ನಿಯಮವಿದೆ. ಇಂಪೆಲ್ಲರಿನ ವೇಗವನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ಹರಿಸುವ ಸಾಮರ್ಥ್ಯವೂ ಎಂಬತ್ತಕ್ಕೆ ಇಳಿಯುತ್ತದೆ, ಎತ್ತುವ ಸಾಮರ್ಥ್ಯ ಅರವತ್ತನಾಲ್ಕಕ್ಕೆ, ಬೇಕಾದ ಶಕ್ತಿ ಐವತ್ತೊಂದಕ್ಕೆ. ಇದನ್ನು ಓದಿ ಹಿಗ್ಗುವ ಮೊದಲು ಎತ್ತರವನ್ನು ನೆನೆಯಬೇಕು. ಪೂರ್ಣ ವೇಗದಲ್ಲಿ 2 ಮೀಟರ್ ಎತ್ತುವ ಪಂಪು ಎಂಬತ್ತರ ವೇಗದಲ್ಲಿ ಎತ್ತುವುದು 1.28 ಮೀಟರ್ ಮಾತ್ರ; ನಮ್ಮ ತೊಟ್ಟಿ 1.3 ಮೀಟರಿನಲ್ಲಿದೆ, ಒಂದು ಹನಿಯೂ ಮೇಲೇರದು. ಆದುದರಿಂದ ಎಸಿ ಪಂಪನ್ನು ಬೇಕಾದ ಬಿಂದುವಿಗೆ ಸರಿಯಾಗಿ ಅಳೆದು ಕೊಳ್ಳಬೇಕು. ಡಿಸಿಯಾದರೆ 3ರಿಂದ 4 ಮೀಟರ್ ಗರಿಷ್ಠ ಎತ್ತರದ್ದನ್ನು ಆರಿಸಿ, ಪೂರ್ಣ ವೇಗಕ್ಕಿಂತ ಸಾಕಷ್ಟು ಕೆಳಗೆ ನಡೆಸುವುದು ಜಾಣತನ. ಸದ್ದು ವೇಗದೊಂದಿಗೆ ಏರುವುದರಿಂದ ಮೌನವೂ ಹಾಗೆಯೇ ಸಿಗುತ್ತದೆ.

ಕಿವಿಗೆ ಬೀಳುವ ಸದ್ದೆಲ್ಲ ಪಂಪಿನದೇ ಎಂದು ತೀರ್ಮಾನಿಸುವಂತಿಲ್ಲ. ಕಂಪನ ಪಂಪಿನಿಂದ ಸಂಪಿನ ಗಾಜಿಗೆ, ಗಾಜಿನಿಂದ ಪ್ಲೈವುಡ್ ಕಪಾಟಿಗೆ ದಾಟಿ, ಆ ತೆಳು ಹಲಗೆಯ ಅಗಲದಿಂದ ಕೋಣೆಗೆಲ್ಲ ಹರಡುತ್ತದೆ. ಪ್ಲಗ್ ತೆಗೆದು, ಪಂಪಿನ ಕೆಳಗೆ ದಪ್ಪ ಸಿಲಿಕೋನ್ ಹಾಸಿ, ಗಡುಸು ಪಿವಿಸಿಗೆ ಸೇರುವ ಮೊದಲು ಗೇಣುದ್ದ ಮೆತ್ತನೆಯ ಸಿಲಿಕೋನ್ ಹೋಸ್ ಜೋಡಿಸಿ ಮತ್ತೆ ಆಲಿಸಿದರೆ, ಎಷ್ಟು ಸದ್ದು ಯಾರದು ಎಂಬುದು ತಿಳಿಯುತ್ತದೆ. ಇಳಿಯುವ ಕೊಳವೆಯಲ್ಲಿ ಗಾಳಿ ಬೆರೆತು ಗೊಳಗೊಳ ಎನ್ನುತ್ತಿದ್ದರೆ ಅದಕ್ಕೆ ಮದ್ದು ಇಳಿಹರಿವಿನ ವಾಲ್ವಿನಲ್ಲಿದೆ. ಸಂಪಿನ ಮಟ್ಟ ತಗ್ಗಿ ಸುಳಿ ಎದ್ದು ಪಂಪು ಗಾಳಿ ಹೀರತೊಡಗಿದರೆ ಜಲ್ಲಿ ಅಲ್ಲಾಡಿಸಿದಂಥ ಕರ್ಕಶ ಸ್ವರ ಬರುತ್ತದೆ. ಹರಿವನ್ನು ತಗ್ಗಿಸಬೇಕಾದಾಗಲೂ ಹೊರಬಾಯಿಯ ಕಡೆ ವಾಲ್ವ್ ತಿರುಗಿಸಬೇಕೇ ಹೊರತು ಒಳಬಾಯಿಯನ್ನು ಕಟ್ಟಬಾರದು. ಇಷ್ಟೆಲ್ಲ ಉಪ್ಪುನೀರಿನ ನಡುವೆ 230 ವೋಲ್ಟ್ ಇರುವಲ್ಲಿ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಕೈ ಹಾಕಬಾರದೆಂಬುದನ್ನು ಒತ್ತಿ ಹೇಳುತ್ತೇನೆ.

ತಣ್ಣಗಿರುವ ಪಂಪಿಗೆ ಆಯುಸ್ಸು ಹೆಚ್ಚು ಎಂಬುದಕ್ಕೆ ಹವಳದ ತೊಟ್ಟಿಯಲ್ಲಿ ವಿಶೇಷ ಕಾರಣವೂ ಇದೆ. ಹವಳ ಅಸ್ಥಿಪಂಜರ ಕಟ್ಟಲೆಂದು ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸಿನಲ್ಲಿರುವಂತೆ, ಕ್ಷಾರತೆಯೂ ಕುಗ್ಗದಂತೆ ನಾವು ನೋಡಿಕೊಳ್ಳುತ್ತೇವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲವಣವಾದರೋ ಸಕ್ಕರೆ, ಉಪ್ಪಿನಂತಲ್ಲದೆ ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಹೀಟರನ್ನು ಬಿಟ್ಟರೆ ಅತಿ ಬಿಸಿಯಾದ ಜಾಗ ಉರುಳೆ ತಿರುಗುವ ಆ ಇಕ್ಕಟ್ಟಾದ ಗೂಡು. ಅಲ್ಲಿಯೇ ಬಿಳಿಯ ಪೊರೆ ಕಟ್ಟುತ್ತದೆ. ಪೊರೆಯಿಂದ ಘರ್ಷಣೆ, ಘರ್ಷಣೆಯಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಪೊರೆ. ಕೆಲವು ತಿಂಗಳಿಗೊಮ್ಮೆ ಪಂಪನ್ನು ಹೊರತೆಗೆದು ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲೋ ನೀರು ಬೆರೆಸಿದ ವಿನೆಗರಿನಲ್ಲೋ ಮುಳುಗಿಸಿಟ್ಟರೆ ಗುಳ್ಳೆಯೆದ್ದು ಅದು ಕರಗುತ್ತದೆ. ಕಡ್ಡಿಯನ್ನು ಎಳೆಯುವಾಗ ಬಗ್ಗಿಸಬಾರದು, ಸೆರಾಮಿಕ್ ಪಟ್ಟನೆ ಮುರಿಯುತ್ತದೆ.

ಕೊನೆಯದಾಗಿ, ವಿದ್ಯುತ್ ಹೋಗುವ ನಮ್ಮ ಊರುಗಳಿಗೆ ಸಂಬಂಧಿಸಿದ ಮಾತು. ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಎಸಿ ಪಂಪು ಎಂದಿಗಿಂತ ಜೋರಾಗಿ ಗುಂಯ್‌ಗುಡುತ್ತದೆ, ಎಂದಿಗಿಂತ ಹೆಚ್ಚು ಬಿಸಿಯಾಗುತ್ತದೆ. ಆ ಅಲೆಯಲ್ಲಿ ಬೆರೆತ ಹೆಚ್ಚಿನ ಆವರ್ತನಗಳು ಉರುಳೆಯನ್ನು ತಿರುಗಿಸುವ ಬದಲು ಸುರುಳಿಯನ್ನು ಕಾಯಿಸುತ್ತವೆ. ಶುದ್ಧ ಸೈನ್ ಅಲೆಯ ಇನ್ವರ್ಟರ್ ಇಲ್ಲದಿದ್ದರೆ ರಿಟರ್ನ್ ಪಂಪು ನಿಂತರೂ ಚಿಂತೆಯಿಲ್ಲ, ನೀರಿನ ಮೇಲ್ಮೈ ಕದಡುವ ಒಂದು ವೇವ್‌ಮೇಕರ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೆ ಆಮ್ಲಜನಕ ಸಿಗುತ್ತಿರುತ್ತದೆ. ಆದರೆ ಪಂಪು ನಿಂತ ಕ್ಷಣ ತೊಟ್ಟಿಯೊಳಗೆ ಕೊಳವೆಯ ಹೊರಬಾಯಿ ಇರುವ ಮಟ್ಟದವರೆಗಿನ ನೀರು ಅದೇ ಕೊಳವೆಯಲ್ಲಿ ಹಿಂದಿರುಗಿ ಸಂಪಿಗೆ ಇಳಿಯುತ್ತದೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತೊಟ್ಟಿಯಲ್ಲಿ ಹೊರಬಾಯಿ 4 ಸೆಂಟಿಮೀಟರ್ ಆಳದಲ್ಲಿದ್ದರೆ ಅದು 20 ಲೀಟರ್. ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇದೆಯೇ ಎಂದು ಜೋಡಣೆಯ ದಿನವೇ ಪ್ಲಗ್ ಕಿತ್ತು ನೋಡಬೇಕು. ಇಲ್ಲದಿದ್ದರೆ ಹೊರಬಾಯಿಯನ್ನು ಮೇಲ್ಮೈಯ ಸಮೀಪಕ್ಕೆ ಎತ್ತಬೇಕು. ಹಿಮ್ಮುಖ ಹರಿವನ್ನು ತಡೆಯುವ ಚೆಕ್ ವಾಲ್ವನ್ನು ನಂಬಿ ಕೂರುವುದು ತರವಲ್ಲ: ಅದೇ ಕ್ಯಾಲ್ಸಿಯಂ ಪೊರೆ ಅದರ ಮುಚ್ಚಳದಲ್ಲಿಯೂ ಕಟ್ಟುತ್ತದೆ, ಮುಚ್ಚಳ ಪೂರ್ತಿ ಕೂರದಂತೆ ತಡೆಯುತ್ತದೆ, ಮತ್ತು ಆ ವಾಲ್ವ್ ಒಂದು ಹೆಚ್ಚುವರಿ ಎಲ್ಬೋದಂತೆ ಪಂಪಿನ ಹೊರೆಯನ್ನು ಹಗಲಿರುಳೂ ಏರಿಸುತ್ತಿರುತ್ತದೆ.