ಹೆಡ್‌ಸೆಟ್ ನಿಮ್ಮ ಕಿವಿಯಲ್ಲಿ, ಪರೀಕ್ಷೆ ಅವರ ಕಿವಿಯಲ್ಲಿ

ಧ್ವನಿ ಉಪಕರಣಗಳ ದುರಸ್ತಿ ಮತ್ತು ಪರೀಕ್ಷೆ ನನ್ನ ವೃತ್ತಿ. ಹೀಗಾಗಿ ಯಾವ ಹೆಡ್‌ಸೆಟ್ ಕೊಳ್ಳಬೇಕೆಂದು ಕೇಳುವವರು ಬಹಳ. ಬಹುತೇಕ ಎಲ್ಲರೂ ಮೊದಲು ಹೇಳುವುದು ತಮಗೆ ಎಷ್ಟು ಚೆನ್ನಾಗಿ ಕೇಳಿಸಬೇಕು ಎಂಬುದನ್ನು. ವಾಹನ ಓಡಿಸುವಾಗ ಕರೆಗೆ ಬಳಸುವ ಹೆಡ್‌ಸೆಟ್ಟಿನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಎದುರಿನವರ ಮಾತು ಅಗ್ಗದ ಹೆಡ್‌ಸೆಟ್ಟಿನಲ್ಲಿಯೂ ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಕೆಡುವುದು ನಿಮ್ಮ ಮಾತು. ಎಂಜಿನ್, ಟೈರು, ಗಾಳಿ, ಎ.ಸಿ. ಫ್ಯಾನು ಎಲ್ಲದರ ಸದ್ದನ್ನೂ ಕಟ್ಟಿಕೊಂಡು ಅದು ಅತ್ತ ತಲುಪುತ್ತದೆ. ಅತ್ತಲಿಂದ “ಏನಂದಿರಿ? ಇನ್ನೊಮ್ಮೆ ಹೇಳಿ” ಎಂದು ಬರುತ್ತದೆ. ನೀವು ದನಿ ಏರಿಸುತ್ತೀರಿ, ಹೇಳಿದ್ದನ್ನೇ ಮತ್ತೆ ಹೇಳುತ್ತೀರಿ. ಅರ್ಧ ನಿಮಿಷದಲ್ಲಿ ಮುಗಿಯಬೇಕಾದ ಕರೆ ನಾಲ್ಕು ನಿಮಿಷ ಎಳೆಯುತ್ತದೆ.

ಈ ಎಳೆತವೇ ಅಪಾಯ. ಕೈ ಸ್ಟಿಯರಿಂಗ್ ಮೇಲಿದ್ದ ಮಾತ್ರಕ್ಕೆ ಗಮನವೂ ರಸ್ತೆಯ ಮೇಲಿರುತ್ತದೆ ಎನ್ನುವಂತಿಲ್ಲ. 1997ರಲ್ಲಿ ರೆಡೆಲ್ಮೈಯರ್ ಮತ್ತು ಟಿಬ್‌ಶಿರಾನಿ ಎಂಬ ಸಂಶೋಧಕರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೆ ಅದರಿಂದ ಹೆಚ್ಚಿನ ರಕ್ಷಣೆಯೇನೂ ಸಿಕ್ಕಿದ್ದು ಕಂಡುಬರಲಿಲ್ಲ. ಆದ್ದರಿಂದ ಹೆಡ್‌ಸೆಟ್ಟನ್ನು ಸುರಕ್ಷತಾ ಸಾಧನವೆಂದು ಯಾರಾದರೂ ಬಣ್ಣಿಸಿದರೆ ನಾನು ಒಪ್ಪುವುದಿಲ್ಲ. ತೀರ ಬೇಕಾದ ಕರೆಯನ್ನು ಬೇಗ ಮುಗಿಸಲು ನೆರವಾಗುವ ಸಾಧನ ಎಂದರೆ ಒಪ್ಪುತ್ತೇನೆ. ಬೇಗ ಮುಗಿಯಬೇಕಾದರೆ ನಿಮ್ಮ ಮಾತು ಮೊದಲ ಸಲಕ್ಕೇ ಅರ್ಥವಾಗಬೇಕು. ಅಂದರೆ ಹಣ ಹೋಗಬೇಕಾದದ್ದು ಸ್ಪೀಕರಿಗಲ್ಲ, ಮೈಕಿಗೆ.

ಮೈಕಿನ ವಿಷಯದಲ್ಲಿ ಸದ್ದು ಸೋಸುವ ದುಬಾರಿ ಎಲೆಕ್ಟ್ರಾನಿಕ್ ಚಿಪ್‌ಗಿಂತ ಹೆಚ್ಚು ಕೆಲಸ ಮಾಡುವುದು ದೂರ. ಬಾಯಿಂದ ಮೈಕಿಗಿರುವ ಅಂತರ ಅರ್ಧಕ್ಕಿಳಿದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಜೋರಾಗಿ ಅದನ್ನು ಮುಟ್ಟುತ್ತದೆ. ವಾಹನದೊಳಗಿನ ಗದ್ದಲ ಮಾತ್ರ ಮೈಕ್ ಎಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹದಿನಾರು ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು ನಾಲ್ಕು ಸೆಂಟಿಮೀಟರಿಗೆ ತಂದರೆ ಮಾತಿಗೂ ಗದ್ದಲಕ್ಕೂ ನಡುವೆ 12 ಡೆಸಿಬೆಲ್ ವ್ಯತ್ಯಾಸ ಬಿಟ್ಟಿಯಾಗಿ ಸಿಕ್ಕಂತೆ. ಸದ್ದು ಸೋಸುವ ತಂತ್ರಾಂಶಕ್ಕೆ ಇಷ್ಟು ಸಾಧಿಸಲು ಬೆವರು ಸುರಿಸಬೇಕಾಗುತ್ತದೆ. ಮಿತಿಮೀರಿ ಸೋಸಿದರೆ ಗದ್ದಲದ ಜೊತೆಗೆ ನಿಮ್ಮ ಮಾತಿನ ಅಂಚುಗಳೂ ಹೋಗಿ ನೀರಿನೊಳಗಿಂದ ಮಾತನಾಡಿದಂತೆ ಕೇಳಿಸುತ್ತದೆ.

ಅದಕ್ಕೇ, ಬಜೆಟ್ ಚಿಕ್ಕದಿದ್ದರೆ ನನ್ನ ಮೊದಲ ಆಯ್ಕೆ ಒಂದೇ ಕಿವಿಗೆ ಹಾಕುವ, ಕೆನ್ನೆಯ ಉದ್ದಕ್ಕೆ ಪುಟ್ಟ ಕಡ್ಡಿ ಚಾಚಿದ ಹಳೆಯ ಮಾದರಿಯ ಮೊನೊ ಹೆಡ್‌ಸೆಟ್. ನೋಡಲು ಅಂದವಿಲ್ಲ, ಹಾಡು ಕೇಳಲು ಅಷ್ಟಕ್ಕಷ್ಟೆ. ಆದರೆ ಅದನ್ನು ಮಾಡಿರುವುದೇ ಮಾತಿಗಾಗಿ. ಕಡ್ಡಿ ಉದ್ದವಾದಷ್ಟೂ ಒಳ್ಳೆಯದು. ದಿನವಿಡೀ ಲಾರಿ ಓಡಿಸುವವರಿಗಾದರೆ ತಲೆಪಟ್ಟಿ ಮತ್ತು ಬಾಯಿಯವರೆಗೆ ಬಾಗುವ ಮೈಕ್ ಇರುವ, ಒಂದೇ ಕಿವಿ ಮುಚ್ಚುವ ಬಗೆಯನ್ನು ಹೇಳುತ್ತೇನೆ. ಒಂದು ಕಿವಿ ತೆರೆದಿದ್ದರೆ ಆಂಬುಲೆನ್ಸಿನ ಸೈರನ್ನು, ಹಿಂದಿನ ವಾಹನದ ಹಾರ್ನು ಕೇಳಿಸುತ್ತವೆ. ಎರಡೂ ಕಿವಿ ಮುಚ್ಚಿ ವಾಹನ ಓಡಿಸುವುದನ್ನು ಕೆಲವೆಡೆ ಕಾನೂನೇ ನಿಷೇಧಿಸುತ್ತದೆ; ಚಾಲಕರು ಹೆಡ್‌ಸೆಟ್ ಹಾಕುವುದನ್ನೇ ಕಾನೂನು ಒಪ್ಪದ ಕಡೆಗಳೂ ಇವೆ. ಕೊಳ್ಳುವ ಮೊದಲು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ.

ನೆಕ್‌ಬ್ಯಾಂಡ್‌ಗಳು ಅಗ್ಗ, ಬ್ಯಾಟರಿಯೂ ಚೆನ್ನಾಗಿ ಬರುತ್ತದೆ. ಆದರೆ ಅನೇಕ ಮಾದರಿಗಳಲ್ಲಿ ಮೈಕ್ ಕುತ್ತಿಗೆಯ ಬಳಿ ಅಥವಾ ಎದೆಯ ಮೇಲೆ ಕೂರುತ್ತದೆ. ಸೀಟ್ ಬೆಲ್ಟ್ ಹಾಕಿದ ಮೇಲೆ ಬೆಲ್ಟೋ ಅಂಗಿಯ ಕಾಲರೋ ಅದನ್ನು ಉಜ್ಜುತ್ತಿರುತ್ತದೆ; ನಿಮಗದು ಗೊತ್ತೇ ಆಗುವುದಿಲ್ಲ, ಅತ್ತ ಕಡೆಯವರಿಗೆ ಮಾತ್ರ ಕರಕರ. ನೆಕ್‌ಬ್ಯಾಂಡನ್ನೇ ಕೊಳ್ಳುವುದಾದರೆ ಮೈಕ್ ಯಾವ ಬದಿಯಲ್ಲಿದೆ, ನಿಮ್ಮ ಬೆಲ್ಟ್ ಯಾವ ಭುಜದಿಂದ ಇಳಿಯುತ್ತದೆ ಎಂದು ನೋಡಿ. ಎರಡೂ ಒಂದೇ ಬದಿಗಿದ್ದರೆ ಬೇಡ.

ತಂತಿಯೇ ಇಲ್ಲದ ಇಯರ್‌ಬಡ್‌ಗಳಲ್ಲಿ ಕೆಳಗೆ ಕಡ್ಡಿ ಇಳಿಬಿಟ್ಟವು ಗುಂಡಗಿನವುಗಳಿಗಿಂತ ಕರೆಗೆ ವಾಸಿ. ಕಡ್ಡಿಯ ತುದಿಯ ಮೈಕ್ ಬಾಯಿಗೆ ಸ್ವಲ್ಪ ಹತ್ತಿರ, ಜೊತೆಗೆ ಮೇಲೊಂದು ಕೆಳಗೊಂದು ಮೈಕಿಗೆ ಜಾಗವೂ ಸಿಗುತ್ತದೆ. ಎರಡು ಮೈಕಿಗೆ ತಲುಪುವ ಸದ್ದಿನ ವ್ಯತ್ಯಾಸದಿಂದಲೇ ಮಾತು ಯಾವ ದಿಕ್ಕಿನದು ಎಂದು ಹೆಡ್‌ಸೆಟ್ ಲೆಕ್ಕ ಹಾಕುವುದು. ಡಬ್ಬಿಯ ಮೇಲೆ “ನಾಲ್ಕು ಮೈಕ್” ಎಂದಿದ್ದರೆ ಸಾಮಾನ್ಯವಾಗಿ ಕಿವಿಗೆ ಎರಡರಂತೆ ಎಂದರ್ಥ. ಒಂದೇ ಬಡ್ ಹಾಕಿಕೊಂಡವರಿಗೆ ಕೆಲಸಕ್ಕೆ ಬರುವುದು ಎರಡೇ. ಒಂದೇ ಬಡ್ ಹಾಕಿದಾಗ ಕರೆ ನಡೆಯುತ್ತದೆಯೇ, ಎಡ ಬಲ ಎರಡರಲ್ಲೂ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅದೇ ಡಬ್ಬಿಯ ಮೇಲೆ ಎ.ಎನ್.ಸಿ., ಇ.ಎನ್.ಸಿ. ಎಂಬ ಅಕ್ಷರಗಳಿರುತ್ತವೆ. ಮೊದಲನೆಯದು ಹೊರಗಿನ ಸದ್ದು ನಿಮಗೆ ಕೇಳಿಸದಂತೆ ಮಾಡುವ ವ್ಯವಸ್ಥೆ. ವಿಮಾನದಲ್ಲಿ ವರ, ವಾಹನ ಓಡಿಸುವವರಿಗೆ ಬೇಡದ್ದು, ಅದಕ್ಕೆ ಹಣ ಕೊಡುವ ಅಗತ್ಯವಿಲ್ಲ. ಎರಡನೆಯದು ನಿಮ್ಮ ಸುತ್ತಲಿನ ಸದ್ದು ಎದುರಿನವರಿಗೆ ಹೋಗದಂತೆ ತಡೆಯುವುದು. ನಮಗೆ ಬೇಕಾದದ್ದು ಇದು. ಎಂಜಿನ್ನಿನಂತಹ ಏಕತಾನದ ಸದ್ದನ್ನು ಅಗ್ಗದ ಹೆಡ್‌ಸೆಟ್ ಕೂಡ ಒಂದು ಮಟ್ಟಕ್ಕೆ ಅಡಗಿಸುತ್ತದೆ. ಸೋಲುವುದು ಗಾಳಿಯ ಎದುರು. ಗಾಳಿ ಮೈಕಿನ ರಂಧ್ರದಲ್ಲೇ ಸುಳಿ ಎಬ್ಬಿಸುವುದರಿಂದ ಪಕ್ಕಪಕ್ಕದ ಎರಡು ಮೈಕುಗಳಲ್ಲೂ ಅದು ಬೇರೆಬೇರೆ ಸದ್ದಾಗಿರುತ್ತದೆ. ದಿಕ್ಕಿನ ಲೆಕ್ಕಾಚಾರ ತಪ್ಪುತ್ತದೆ. ಮೈಕಿನ ಮೇಲೆ ಸ್ಪಂಜಿನ ಟೊಪ್ಪಿ ಇದ್ದರೆ ಬಹಳ ಉಪಕಾರ. ಇಲ್ಲವೇ ಕರೆ ಬಂದಾಗ ಕಿಟಕಿ ಏರಿಸಿ, ಎ.ಸಿ. ಕಿಂಡಿಯನ್ನು ಮುಖದಿಂದ ಆಚೆ ತಿರುಗಿಸಿ. ಇದಕ್ಕೆ ಖರ್ಚೇ ಇಲ್ಲ.

ಹಾಡು ಹಾಕಿ ನೋಡಿ ಹೆಡ್‌ಸೆಟ್ ಆರಿಸುವುದು ಯಾಕೆ ತಪ್ಪು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಹಾಡಿಗೆ ಬ್ಲೂಟೂತ್ ಬಳಸುವ ವಿಧಾನ ಒಂದು, ಕರೆಗೆ ಬಳಸುವುದು ಇನ್ನೊಂದು. ಕರೆ ಶುರುವಾದೊಡನೆ ಹೆಡ್‌ಸೆಟ್ ಹ್ಯಾಂಡ್ಸ್-ಫ್ರೀ ಪ್ರೊಫೈಲ್ ಎಂಬ ಈ ಎರಡನೆಯ ವಿಧಾನಕ್ಕೆ ಬದಲಾಗುತ್ತದೆ. ಅದರ ಹಳೆಯ ರೂಪದಲ್ಲಿ ಧ್ವನಿಯನ್ನು ಅಳೆದು ಅಂಕಿಗಳಾಗಿಸುವುದು ಸೆಕೆಂಡಿಗೆ 8,000 ಸಲ. ಅದೇ ಪ್ರೊಫೈಲಿನ 1.6ನೇ ಆವೃತ್ತಿಯಿಂದ ಬಂದ ವೈಡ್‌ಬ್ಯಾಂಡ್ ಎಂಬ ರೂಪದಲ್ಲಿ 16,000 ಸಲ. ಮೊದಲನೆಯದರಲ್ಲಿ ‘ಸ’, ‘ಶ’, ‘ಫ’ಗಳಂತಹ ತೆಳು ಧ್ವನಿಗಳು ಮಸುಕಾಗುತ್ತವೆ. ವಿವರಪಟ್ಟಿಯಲ್ಲಿ ವೈಡ್‌ಬ್ಯಾಂಡ್ ಸ್ಪೀಚ್, ಎಚ್.ಡಿ. ವಾಯ್ಸ್ ಅಥವಾ ಎಂ.ಎಸ್.ಬಿ.ಸಿ. ಎಂದಿದೆಯೇ ಹುಡುಕಿ. ಮೊಬೈಲ್ ಜಾಲ ಮತ್ತು ಎರಡೂ ಕಡೆಯ ಫೋನುಗಳು ಒಪ್ಪಿದರೆ ಮಾತ್ರ ಅದರ ಪೂರ್ಣ ಲಾಭ, ನಿಜ. ಬ್ಲೂಟೂತ್ 5.0 ಅಥವಾ 5.3 ಎಂಬ ಸಂಖ್ಯೆಯನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಕರೆಯ ಸ್ಪಷ್ಟತೆಯನ್ನು ಆ ಸಂಖ್ಯೆಯಿಂದ ಅಳೆಯಲಾಗದು.

ಕಿವಿಯ ರಬ್ಬರು ಗಾಳಿಯಾಡದಂತೆ ಬಿಗಿಯಾಗಿದ್ದರೆ ಮತ್ತೊಂದು ತೊಡಕು. ನಿಮ್ಮ ದನಿ ನಿಮಗೇ ಸರಿಯಾಗಿ ಕೇಳಿಸದೆ ಮಾತಿನ ಮಟ್ಟ ತಪ್ಪುತ್ತದೆ. ಸುತ್ತ ಗದ್ದಲವಿದ್ದರಂತೂ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. 1911ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಲೊಂಬಾರ್ಡ್ ಹೆಸರಿನಲ್ಲೇ ಈ ಪರಿಣಾಮ ಪ್ರಸಿದ್ಧ. ಕಿರುಚಿ ಮಾತನಾಡುತ್ತಾ ವಾಹನ ಓಡಿಸುವುದು ಬೇಗ ದಣಿಸುತ್ತದೆ. ಕಿವಿಯ ಹಿಂದೆ ಕೊಕ್ಕೆ ಹಾಕಿ ಸಡಿಲವಾಗಿ ಕೂರುವ ಹೆಡ್‌ಸೆಟ್ ಇದಕ್ಕೆ ಉತ್ತರ.

ಬಟನ್ನಿನ ಬಗ್ಗೆ ನನಗೆ ಹಟವೇ ಇದೆ: ಕರೆ ಸ್ವೀಕರಿಸುವ ಬಟನ್ ಒಂದೇ ಇರಬೇಕು, ದೊಡ್ಡದಿರಬೇಕು, ಒತ್ತಿದರೆ ಬೆರಳಿಗೆ ಗೊತ್ತಾಗಬೇಕು. ತಟ್ಟಿದರೆ ಸಾಕು ಎನ್ನುವ ಸ್ಪರ್ಶದ ಬಡ್‌ಗಳಲ್ಲಿ ಒಂದು ತಟ್ಟಿಗೆ ಒಂದು ಅರ್ಥ, ಎರಡು ತಟ್ಟಿಗೆ ಇನ್ನೊಂದು. ತಿರುವಿನಲ್ಲಿ ಅದನ್ನು ಎಣಿಸುತ್ತಾ ಕೂರುವುದು ಯಾರಿಗೆ ಬೇಕು? ಕರೆ ಮಾಡಿದವರ ಹೆಸರನ್ನು ಓದಿ ಹೇಳುವ ಸೌಲಭ್ಯ ಫೋನಿನಲ್ಲಿದ್ದರೆ ಹಾಕಿಕೊಳ್ಳಿ. ಯಾವ ಕರೆ ಬಿಡಬಹುದು ಎಂಬುದು ಪರದೆ ನೋಡದೆಯೇ ತಿಳಿಯುತ್ತದೆ.

ಬ್ಯಾಟರಿಯ ಗಂಟೆಗಳಲ್ಲಿ ಮಾತಿನ ಸಮಯವನ್ನು ಮಾತ್ರ ನೋಡಿ. ದೊಡ್ಡಕ್ಷರದಲ್ಲಿರುವುದು ಹೆಚ್ಚಾಗಿ ಹಾಡಿನ ಸಮಯ, ಇಯರ್‌ಬಡ್‌ಗಳಲ್ಲಾದರೆ ಪೆಟ್ಟಿಗೆಯ ಚಾರ್ಜನ್ನೂ ಸೇರಿಸಿದ್ದು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡಿನ ಮೇಲೆ ಹೆಡ್‌ಸೆಟ್ ಬಿಡಬೇಡಿ. ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುವುದು ಬಿಸಿಯಿಂದ.

ತಂದ ದಿನವೇ, ಹಿಂದಿರುಗಿಸುವ ಅವಕಾಶವಿರುವಾಗಲೇ ಪರೀಕ್ಷಿಸಿ. ಬೇರೆ ಯಾರಾದರೂ ಓಡಿಸಲಿ, ನೀವು ಪಕ್ಕದಲ್ಲಿ ಕುಳಿತು ಗೆಳೆಯರಿಗೆ ಕರೆ ಮಾಡಿ. ಅವರ ಊಹೆಗೆ ಸಿಗದಂಥದ್ದನ್ನು ಹೇಳಿ, ಅವರು ಅದನ್ನು ಬರೆದುಕೊಳ್ಳಲಿ: ಒಂಬತ್ತು, ಎಂಬತ್ತು, ತೊಂಬತ್ತು, ಆರು, ನೂರು, ಹೀಗೆ ಒಂದರಂತೆ ಒಂದು ಕೇಳಿಸುವ ಸಂಖ್ಯೆಗಳನ್ನು ಅಡ್ಡಾದಿಡ್ಡಿಯಾಗಿ ಓದಿ. ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ. “ಚೆನ್ನಾಗಿ ಕೇಳಿಸುತ್ತಿದೆ” ಎಂಬ ದಾಕ್ಷಿಣ್ಯದ ಮಾತಿಗಿಂತ ಅವರು ಬರೆದುಕೊಂಡ ಚೀಟಿ ನಂಬಿಕಸ್ಥ. ಫೋನಿನ ರೆಕಾರ್ಡರಿನಲ್ಲಿ ಪರೀಕ್ಷಿಸಲು ಹೋಗಬೇಡಿ. ಹಲವು ರೆಕಾರ್ಡರುಗಳು ಹೆಡ್‌ಸೆಟ್ ಜೋಡಿಸಿದ್ದರೂ ಫೋನಿನ ಮೈಕನ್ನೇ ಬಳಸುತ್ತವೆ.

ವಾಹನದಲ್ಲಿಯೇ ಬ್ಲೂಟೂತ್ ಇದ್ದರೆ ಕರೆ ಕೆಲವೊಮ್ಮೆ ಅತ್ತ, ಕೆಲವೊಮ್ಮೆ ಇತ್ತ ಹಾರುತ್ತದೆ. ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಆಯಾ ಸಾಧನದ ಹೆಸರಿನ ಕೆಳಗೆ ಕರೆ ಮತ್ತು ಹಾಡುಗಳಿಗೆ ಬೇರೆಬೇರೆ ಆಯ್ಕೆ ಇದ್ದರೆ, ಎರಡರಲ್ಲೊಂದಕ್ಕೆ ಕರೆಯನ್ನು ಆಫ್ ಮಾಡಿಬಿಡಿ. ಇನ್ನು, ತಿಂಗಳುಗಳ ನಂತರ “ಮೈಕ್ ಹಾಳಾಗಿದೆ” ಎಂದು ನನ್ನ ಮೇಜಿಗೆ ಬರುವ ಹೆಡ್‌ಸೆಟ್ಟುಗಳಲ್ಲಿ ಎಷ್ಟೋ ಹಾಳಾಗಿರುವುದೇ ಇಲ್ಲ. ಮೈಕಿನ ರಂಧ್ರದಲ್ಲಿ ಧೂಳು ಮತ್ತು ಬೆವರು ಸೇರಿ ಗಟ್ಟಿಯಾಗಿರುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ, ರಂಧ್ರ ಕೆಳಮುಖವಾಗಿರುವಂತೆ ಹಿಡಿದು ಉಜ್ಜಿ. ಸೂಜಿ ಮಾತ್ರ ಹಾಕಬೇಡಿ, ಜಾಲರಿ ಹರಿದರೆ ಅದರ ಹಿಂದಿರುವ ಮೈಕಿಗೇ ಪೆಟ್ಟು.