ಸೀಸ ತಡೆಯದ್ದನ್ನು ಕೇರಂ ಪೌಡರ್ ತಡೆಯುತ್ತದೆ

ವಿಕಿರಣದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ, "ಸೀಸದ ಗೋಡೆ ಕಟ್ಟಿದರೆ ಆಯ್ತಲ್ಲ." ಎಕ್ಸ್-ರೇಗೆ ಇದು ಸರಿ. ನ್ಯೂಟ್ರಾನ್‌ಗೆ ತಪ್ಪು. ನಿಧಾನಗತಿಯ ನ್ಯೂಟ್ರಾನ್‌ಗಳಲ್ಲಿ ಅರ್ಧದಷ್ಟು ಹೀರಿಹೋಗಬೇಕಾದರೆ, ಅವು ಸೀಸದೊಳಗೆ ಒಂದು ಮೀಟರಿಗಿಂತ ಜಾಸ್ತಿ ದೂರ ಅಲೆಯಬೇಕು. ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಆ ಬೋರಿಕ್ ಪೌಡರ್ ಒಂದೆರಡು ಮಿಲಿಮೀಟರ್ ಇದ್ದರೆ ಅಷ್ಟೇ ಕೆಲಸ ಆಗುತ್ತದೆ! 2011ರಲ್ಲಿ ಫುಕುಶಿಮಾದ ರಿಯಾಕ್ಟರ್‌ಗಳಿಗೆ ಸಮುದ್ರದ ನೀರಿನ ಜೊತೆ ಬೋರಿಕ್ ಆಮ್ಲ ಬೆರೆಸಿ ಸುರಿದದ್ದು ಇದಕ್ಕೇ.

ತೂಕಕ್ಕೂ ನ್ಯೂಟ್ರಾನ್ ಹೀರುವುದಕ್ಕೂ ಸಂಬಂಧವಿಲ್ಲ. ನ್ಯೂಕ್ಲಿಯಸ್ ನ್ಯೂಟ್ರಾನ್‌ಗೆ ಎಷ್ಟು ಅಗಲ "ಕಾಣುತ್ತದೆ" ಅನ್ನುವುದೇ ಲೆಕ್ಕ. ಆ ಅಗಲವನ್ನು (ಸರಿಯಾಗಿ ಹೇಳಬೇಕೆಂದರೆ ವಿಸ್ತೀರ್ಣವನ್ನು) ಬಾರ್ನ್‌ಗಳಲ್ಲಿ ಹೇಳುತ್ತಾರೆ. ಬಾರ್ನ್ ಅಂದರೆ ರೈತರ ದೊಡ್ಡ ಕೊಟ್ಟಿಗೆ. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು ಇದು. ಪರಮಾಣು ಲೋಕದಲ್ಲಿ ಅಷ್ಟು ಅಗಲ ಕೊಟ್ಟಿಗೆಯಷ್ಟು ದೊಡ್ಡದೇ ಅಂತ! ಸೀಸದ ಹೀರುವ ಅಗಲ ಬರೀ 0.17 ಬಾರ್ನ್. ಬೋರಿಕ್ ಪೌಡರಿನಲ್ಲಿರುವ ಬೋರಾನ್ 767. ಕ್ಯಾಡ್ಮಿಯಂ ಸುಮಾರು 2,500. ಗ್ಯಾಡೋಲಿನಿಯಂ ಎಂಬ ಲೋಹದ ಒಂದು ಐಸೊಟೋಪ್ (ಅದೇ ಧಾತುವಿನ ಬೇರೆ ತೂಕದ ರೂಪ) ಎರಡೂವರೆ ಲಕ್ಷ ದಾಟುತ್ತದೆ.

ಬೋರಾನ್‌ನಲ್ಲಿ ನ್ಯೂಟ್ರಾನ್ ಹೀರುವ ಐಸೊಟೋಪ್ ಬೋರಾನ್-10. ಅದರ ನ್ಯೂಕ್ಲಿಯಸ್‌ನ ನಿಜವಾದ ಅಗಲ ಒಂದು ಬಾರ್ನ್‌ನ ಕಾಲುಭಾಗವೂ ಇಲ್ಲ. ಆದರೆ ಅದು ಹೀರುವ ಅಗಲ 3,840 ಬಾರ್ನ್. ಇದು ಹೇಗೆ? ಓಡುವ ಬಸ್ಸನ್ನು ಹತ್ತೋಕೆ ಆಗಲ್ಲ, ಸ್ಟಾಪಿನಲ್ಲಿ ನಿಧಾನ ಮಾಡಿದರೆ ನಾಲ್ಕು ಜನ ಹತ್ತುತ್ತಾರೆ. ನ್ಯೂಟ್ರಾನ್ ಕೂಡ ಹಾಗೆ, ನಿಧಾನವಾದಷ್ಟೂ ನ್ಯೂಕ್ಲಿಯಸ್ ಹತ್ತಿರ ಹೆಚ್ಚು ಹೊತ್ತು ಇರುತ್ತದೆ. ವೇಗ ಅರ್ಧವಾದರೆ ಬೋರಾನ್ ಹೀರುವ ಅಗಲ ಎರಡರಷ್ಟಾಗುತ್ತದೆ. ಆದರೆ ಬಸ್ಸಿನ ಹೋಲಿಕೆ ಪೂರ್ತಿ ಸಾಲದು. ಸೆಕೆಂಡಿಗೆ 2,200 ಮೀಟರ್ ಹೋಗುವ ನ್ಯೂಟ್ರಾನ್ ಗೋಲಿಯ ಹಾಗೆ ಒಂದು ಕಡೆ ಇರುವುದಿಲ್ಲ. ಅದು ಅಲೆ. ಆ ಅಲೆಯ ಉದ್ದ ಒಂದು ಪರಮಾಣುವಿನಷ್ಟು, ಅಂದರೆ ನ್ಯೂಕ್ಲಿಯಸ್‌ನ ಹತ್ತಾರು ಸಾವಿರ ಪಟ್ಟು. ಮೀನುಬಲೆ ಹರಡಿದಂತೆ ಅದು ಹರಡಿರುತ್ತದೆ, ದೂರದ ನ್ಯೂಕ್ಲಿಯಸ್‌ಗೂ ಅದರ ಅಂಚು ಸಿಗುತ್ತದೆ. ಸಿಕ್ಕ ಕೂಡಲೇ ಬೋರಾನ್-10 ಒಡೆದು ಲೀಥಿಯಂ, ಹೀಲಿಯಂ ಆಗುತ್ತದೆ.

ಅಳೆಯೋದು ಹೇಗೆ? ನ್ಯೂಟ್ರಾನ್‌ಗಳ ಕಿರಣದ ದಾರಿಯಲ್ಲಿ ತೆಳುವಾದ ತಗಡು ಇಡಿ, ಆಚೆ ಬದಿ ಎಣಿಸುವ ಯಂತ್ರ ಇಡಿ. ತಗಡು ಇಲ್ಲದಾಗ ಎಷ್ಟು, ಇದ್ದಾಗ ಎಷ್ಟು? ಅರ್ಧ ಮಿಲಿಮೀಟರ್ ಕ್ಯಾಡ್ಮಿಯಂ ಇಟ್ಟರೆ ಸಾವಿರ ನಿಧಾನ ನ್ಯೂಟ್ರಾನ್‌ಗಳಲ್ಲಿ ಆಚೆ ಬರುವುದು ಸುಮಾರು ಮೂರು. ಆದರೆ ಇಲ್ಲೊಂದು ಮೋಸ ಇದೆ. ಕಾಣೆಯಾದವೆಲ್ಲ ಹೀರಿಹೋದವಲ್ಲ, ಕೆಲವು ಸುಮ್ನೆ ಪಕ್ಕಕ್ಕೆ ಚದುರಿರುತ್ತವೆ. ಹಾಗಾಗಿ ಇನ್ನೊಂದು ದಾರಿ ಚಿನ್ನದ್ದು. ಚಿನ್ನದ ರೇಕು ನ್ಯೂಟ್ರಾನ್ ಹೀರಿದರೆ ಚಿನ್ನ-198 ಆಗುತ್ತದೆ. ಅದರಲ್ಲಿ ಅರ್ಧದಷ್ಟು 2.7 ದಿನದಲ್ಲಿ ಕ್ಷಯಿಸುತ್ತಾ ಗಾಮಾ ಕಿರಣ ಬಿಡುತ್ತದೆ. ಆ ಕಿರಣ ಎಣಿಸಿದರೆ ಎಷ್ಟು ಹೀರಿತು ಅಂತ ತಿಳಿಯುತ್ತದೆ, ಚದುರಿದ್ದರ ಗೊಡವೆಯೇ ಇಲ್ಲ.

ಈ ಅಳತೆ ತಪ್ಪಿದರೆ ಏನಾಗುತ್ತದೆ? ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳನ್ನು ಹೀರದೆ ನಿಧಾನ ಮಾಡುವ ವಸ್ತು ಬೇಕು. 1941ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಟರ್ ಬೋಥೆ ಗ್ರಾಫೈಟ್ (ಕಾರ್ಬನ್‌ನ ಒಂದು ರೂಪ) ಅಳೆದು, ಅದು ನ್ಯೂಟ್ರಾನ್ ಜಾಸ್ತಿ ಹೀರುತ್ತದೆ, ರಿಯಾಕ್ಟರ್‌ಗೆ ಬೇಡ ಎಂದರು. ಆದರೆ ಶುದ್ಧ ಕಾರ್ಬನ್ ಹೀರುವುದು 0.0035 ಬಾರ್ನ್ ಮಾತ್ರ, ತೊಂದರೆ ಕಲ್ಮಶದ್ದು. ಎರಡು ಲಕ್ಷ ಕಾರ್ಬನ್ ಪರಮಾಣುಗಳ ನಡುವೆ ಒಂದೇ ಒಂದು ಬೋರಾನ್ ಸೇರಿದರೆ ಸಾಕು, ಹೀರಿಕೆ ಎರಡರಷ್ಟಾಗುತ್ತದೆ! ಜರ್ಮನ್ನರು ಗ್ರಾಫೈಟ್ ಬಿಟ್ಟು ನಾರ್ವೆಯ ಭಾರಜಲದ (ಮಾಮೂಲಿ ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯುಟೀರಿಯಂ ಇರುವ ನೀರು) ಹಿಂದೆ ಬಿದ್ದರು. ಅಮೆರಿಕದಲ್ಲಿ ವಿಜ್ಞಾನಿ ಲಿಯೋ ಸಿಲಾರ್ಡ್ ಬೋರಾನ್ ಇಲ್ಲದ ಗ್ರಾಫೈಟೇ ಬೇಕು ಎಂದು ಹಟ ಹಿಡಿದರು. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಆ ಗ್ರಾಫೈಟ್ ರಾಶಿಯಿಂದ ಕ್ಯಾಡ್ಮಿಯಂ ಸರಳನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದಾಗ ಸರಣಿ ಕ್ರಿಯೆ (ಒಂದು ಯುರೇನಿಯಂ ಒಡೆದು ಬಿಟ್ಟ ನ್ಯೂಟ್ರಾನ್ ಇನ್ನೊಂದನ್ನು ಒಡೆಯುವುದು) ತಾನೇ ನಡೆಯತೊಡಗಿತು.

ನಮ್ಮ ಕೈಗಾದಲ್ಲಿ ಭಾರಜಲದ ರಿಯಾಕ್ಟರ್‌ಗಳಿವೆ. ಮಾಮೂಲಿ ಹೈಡ್ರೋಜನ್ 0.33 ಬಾರ್ನ್ ಹೀರಿದರೆ ಭಾರಜಲದ ಡ್ಯುಟೀರಿಯಂ 0.0005. ಅದಕ್ಕೇ ಅಲ್ಲಿ ಸಮೃದ್ಧಗೊಳಿಸದ, ಸಹಜ ಯುರೇನಿಯಂ ಸಾಕಾಗುತ್ತದೆ. ರಿಯಾಕ್ಟರನ್ನು ನಿಲ್ಲಿಸಲು ಉಕ್ಕಿನ ಹೊದಿಕೆಯೊಳಗೆ ಕ್ಯಾಡ್ಮಿಯಂ ಇಟ್ಟ ಸರಳುಗಳು ಮೇಲೆ ತೂಗುತ್ತಿರುತ್ತವೆ. ಕರೆಂಟ್ ಹೋದರೆ ಹಿಡಿತ ಬಿಟ್ಟು, ತಮ್ಮ ಭಾರಕ್ಕೇ ಕೆಳಗಿಳಿಯುತ್ತವೆ.