ಆರೂವರೆಗೆ ಇಂಜೆಕ್ಷನ್, ಹನ್ನೊಂದಕ್ಕೆ ಆಪರೇಷನ್

ಕೇಸ್ ಶೀಟ್ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಜಾಲರಿ ಹಾಕುವ ಹರ್ನಿಯಾ ಆಪರೇಷನ್, ಪಟ್ಟಿಯಲ್ಲಿ ಮೂರನೇ ಕೇಸು. ಸೋಂಕು ತಡೆಯುವ ಆಂಟಿಬಯೋಟಿಕ್ ಸೆಫಜೋಲಿನ್ 2 ಗ್ರಾಂ, ಪಕ್ಕದಲ್ಲಿ ಸಿಸ್ಟರ್ ಸಹಿ, ಟೈಮು ಬೆಳಿಗ್ಗೆ 6.30. ಮೊದಲೆರಡು ಕೇಸು ತಡವಾಗಿ ಈತ ಟೇಬಲ್ ಮೇಲೆ ಬರುವಾಗ ಗಂಟೆ ಹನ್ನೊಂದು.

ನಾನು ಅರಿವಳಿಕೆ ಡಾಕ್ಟರು. ಗಡಿಯಾರ ನೋಡೋದೇ ನನ್ನ ಕೆಲಸ. ಸೆಫಜೋಲಿನ್ ರಕ್ತದಲ್ಲಿ ಹತ್ತಿರಹತ್ತಿರ ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ನಾಲ್ಕೂವರೆ ಗಂಟೆಯಾದ ಮೇಲೆ ಐದನೇ ಒಂದು ಪಾಲು ಉಳಿದಿದ್ದರೆ ಜಾಸ್ತಿ. ಇನ್ನೊಂದು ಡೋಸ್ ಕೊಟ್ಟೇ ಶುರು ಮಾಡಿದೆವು.

ಸಿಸ್ಟರ್ ತಪ್ಪೇನಿಲ್ಲ. ‘ಆಪರೇಷನ್ ಥಿಯೇಟರಿಗೆ ಕಳಿಸುವ ಮುಂಚೆ’ ಅಂತ ಬರೆದಿತ್ತು, ಕೊಟ್ಟರು. ತಪ್ಪಿದ್ದದ್ದು ಆ ಬರಹದಲ್ಲೇ.

ಬ್ಲೇಡು ಚರ್ಮ ಸೀಳಿದ ಕ್ಷಣವೇ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದ ಹಾಗೆ. ಆಗ ಔಷಧಿ ಆಗಲೇ ಆ ಜಾಗದಲ್ಲಿ ಕಾದಿರಬೇಕು. 1961ರಲ್ಲಿ ಅಮೆರಿಕದ ಸರ್ಜನ್ ಜಾನ್ ಬರ್ಕ್ ಗಿನಿಯಿಲಿಗಳ ಮೇಲೆ ಇದನ್ನೇ ತೋರಿಸಿದರು. ಬ್ಯಾಕ್ಟೀರಿಯಾ ಚುಚ್ಚುವ ಮುಂಚೆ ಔಷಧಿ ಕೊಟ್ಟಾಗ ಸೋಂಕು ಹೆಚ್ಚುಕಮ್ಮಿ ತಲೆ ಎತ್ತಲೇ ಇಲ್ಲ. ಮೂರು ಗಂಟೆ ಬಿಟ್ಟು ಕೊಟ್ಟಾಗ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಹಾಗಾಗಿ ಸೆಫಜೋಲಿನ್ ಆದರೆ ಬ್ಲೇಡು ಹಾಕುವ ಮುಂಚಿನ ಒಂದು ಗಂಟೆಯೊಳಗೆ. ಆಪರೇಷನ್ ಎಳೆದರೆ ನಾಲ್ಕು ಗಂಟೆಗೆ ಮತ್ತೊಂದು ಡೋಸ್. ರಕ್ತ ತುಂಬಾ ಹೋದರೆ ಅದಕ್ಕೂ ಮುಂಚೆ. ಕಾಲಿಗೆ ಟೂರ್ನಿಕೆ, ಅಂದರೆ ರಕ್ತ ತಡೆಯುವ ಪಟ್ಟಿ, ಬಿಗಿಯುವುದಿದ್ದರೆ ಬಿಗಿಯುವ ಮೊದಲೇ ಕೊಡಬೇಕು. ಆಮೇಲೆ ರಕ್ತವೇ ಹೋಗದ ಕಾಲಿಗೆ ಔಷಧಿ ಎಲ್ಲಿಂದ ಹೋಗಬೇಕು?

ನಾವು ಮಾಡಿದ ಬದಲಾವಣೆ ತೀರಾ ಸಣ್ಣದು. ಇಂಜೆಕ್ಷನ್ ಸೀಸೆಯನ್ನು ವಾರ್ಡಿನಿಂದ ಎತ್ತಿ ನನ್ನ ಟ್ರೇಗೆ ತಂದೆವು. ಕೊಟ್ಟ ಟೈಮು ಅರಿವಳಿಕೆ ಶೀಟಿನಲ್ಲಿ ಬರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ ‘ಕಳೆದ 60 ನಿಮಿಷದಲ್ಲಿ ಆಂಟಿಬಯೋಟಿಕ್ ಕೊಟ್ಟಿದೆಯಾ?’ ಅನ್ನೋ ಪ್ರಶ್ನೆ ಇದೆ. ಮೊದಲು ಸುಮ್ನೆ ಟಿಕ್ ಹಾಕುತ್ತಿದ್ದೆವು. ಈಗ ಗಟ್ಟಿಯಾಗಿ ಕೇಳುತ್ತೇವೆ. ಉತ್ತರ ಬಾರದೆ ಸಿಸ್ಟರ್ ಬ್ಲೇಡು ಕೈಗೆ ಕೊಡೋದಿಲ್ಲ.

ಕಷ್ಟ ಇರೋದು ಶುರು ಮಾಡೋದರಲ್ಲಲ್ಲ, ನಿಲ್ಲಿಸೋದರಲ್ಲಿ. ಹೊಲಿಗೆ ಹಾಕಿದ ಮೇಲೆ ಮುಂಜಾಗ್ರತೆಗೆಂದು ಆಂಟಿಬಯೋಟಿಕ್ ಮುಂದುವರಿಸಬೇಡಿ ಅಂತ ಅದೇ ಸಂಸ್ಥೆ 2016ರಲ್ಲಿ ಹೇಳಿತು. ಒಡೆದ ಅಪೆಂಡಿಕ್ಸ್ ಥರದ್ದು ಬೇರೆ, ಅಲ್ಲಿ ಸೋಂಕು ಆಗಲೇ ಇದೆ, ಅದು ಚಿಕಿತ್ಸೆ. ಆದರೆ ಶುದ್ಧ ಹರ್ನಿಯಾಗೂ ಐದು ದಿನದ ಮಾತ್ರೆ ಬರೆಯೋದು ನಮ್ಮಲ್ಲಿ ರೂಢಿ. ಸಿಗೋದು ಭೇದಿ, ಜೊತೆಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ. ಸರ್ಜನ್ ಮಿತ್ರರೊಬ್ಬರನ್ನು ಕೇಳಿದೆ. “ಗೊತ್ತು ಮಾರಾಯ, ಆದ್ರೆ ಕೀವಾದ್ರೆ ನನ್ನನ್ನೇ ತಾನೆ ಹಿಡಿಯೋದು?” ಅಂದರು. ಆ ಭಯ ಸುಳ್ಳಲ್ಲ.

ಆ ಹರ್ನಿಯಾ ರೋಗಿಯ ಹೆಂಡತಿ ಡಿಸ್ಚಾರ್ಜ್ ದಿನ ಚೀಟಿ ತಿರುಗಿಸಿ ತಿರುಗಿಸಿ ನೋಡಿದರು. “ಸಾರ್, ನೋವಿನ ಮಾತ್ರೆ ಒಂದೇ ಇದೆ. ಕೀವಾಗದ ಹಾಗೆ ಏನೂ ಬರೆದಿಲ್ವಲ್ಲ?”

“ಅದು ಇಂಜೆಕ್ಷನ್ನಲ್ಲೇ ಆಯ್ತಮ್ಮ. ಗಾಯ ಕೆಂಪಾದ್ರೆ, ಸೋರಿದ್ರೆ, ಜ್ವರ ಬಂದ್ರೆ ಕಾಯಬೇಡಿ, ನೇರ ಇಲ್ಲಿಗೇ ಬನ್ನಿ.”

ತಲೆಯಾಡಿಸಿದರು. ಗೇಟಿನ ಮುಂದಿನ ಮೆಡಿಕಲ್ ಶಾಪಿನಲ್ಲಿ ಒಂದು ಮಾತು ಕೇಳದೆ ಬಸ್ ಹತ್ತಿರಲಿಕ್ಕಿಲ್ಲ, ಬಿಡಿ.